ಕಾಲರಿನ ಮೇಲೆ ಅಂಗೈ

ಸುಟ್ಟ ವಾಸನೆಯೇನೂ ಅಲ್ಲ, ಬಿಸಿ ಬಟ್ಟೆಯದು ಅಷ್ಟೇ, ಆದರೂ ಮೂಗು ಒಮ್ಮೆ ಎಚ್ಚರಿಸಿತು, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಅವಳು ಪೊಟ್ಟಣ ಕಟ್ಟಲು ಹಳೆಯ ಪತ್ರಿಕೆಯ ಹಾಳೆ ಎಳೆದಳು — ಎಳೆದರೆ ಅದರಲ್ಲಿ ಮಗಳ ಫೋಟೋ. ಮಗಳೇ, ನರೆಗೂದಲಿನ ಟೋಪನ್ ಹಾಕಿಕೊಂಡರೂ ಆ ಮೊಂಡು ಮೂಗು ಎಲ್ಲಿಗೆ ಹೋದೀತು, ತನ್ನದೇ ಮೂಗು ಅದು. ಹೋದ ಭಾನುವಾರದ ಹಾಳೆ, ತೋರಿಸಲೂ ಇಲ್ಲ ಕಳ್ಳಿ. ಮೊದಲ ನಾಟಕಕ್ಕೆ ಭರವಸೆಯ ನಟಿ ಎಂದು ಬರೆದಿದ್ದರು, ಎರಡನೆಯದಕ್ಕೆ ಕಣ್ಣಲ್ಲೇ ಮಾತಾಡುತ್ತಾಳೆ ಎಂದು, ಹೌದು, ಮನೆಯಲ್ಲೂ ಕಣ್ಣಲ್ಲೇ, ಬಾಯಲ್ಲಿ ಮಾತು ನಿಂತು ನಾಲ್ಕು ತಿಂಗಳಾಯಿತು, ಶಾಲೆಯ ಗುಮಾಸ್ತೆ ಕೆಲಸ ಬಿಟ್ಟು ಬಂದ ದಿನದಿಂದ, ನಿನ್ನ ನಾಟಕಕ್ಕೆ ನಾನು ಕಾಲಿಡಲ್ಲ ಕಣೇ, ಬೇಡ ಬಿಡಮ್ಮ. ಕನ್ನಡಕ ಹುಡುಕಿದಳು, ಹಣೆಯ ಮೇಲೇ ಇತ್ತು. ಇಪ್ಪತ್ತಮೂರರ ಈ ಹುಡುಗಿ ಅರವತ್ತು ದಾಟಿದ ಇಸ್ತ್ರಿಯವಳಾಗಿ — ಅರವತ್ತಂತೆ, ನಂಗೆ ಐವತ್ತೆರಡು ಕಣಯ್ಯಾ — ಇಸ್ತ್ರಿಯವಳೇ, ನನ್ನನ್ನೇ ಆಡಿದ್ದಾಳೆ, ಒಂಬತ್ತು ವರ್ಷದವಳಿದ್ದಾಗ ನೆಂಟರೆದುರು ಅಮ್ಮ ಬೆನ್ನು ಹಿಡ್ಕೊಂಡು ಏಳೋದು ಹೀಗೆ, ಬೈಯೋದು ಹೀಗೆ ಎಂದು ಆಡಿ ತೋರಿಸಿದ್ದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು, ಅಮ್ಮನೂ ನಕ್ಕಳು, ಒಳಗೆ ಹೋಗಿ ಅತ್ತಳು, ಈಗ ಊರಿನವರ ಮುಂದೆ, ದೀಪ ಹಾಕಿಸಿಕೊಂಡು, ಅದೇ ಬೆನ್ನು, ಎಷ್ಟು ನಕ್ಕರೋ. ಮಡಚಿಬಿಡಬೇಕು, ಓದಲೇಬಾರದು, ಕಣ್ಣು ಕೇಳಬೇಕಲ್ಲ. ಒಂದು ದೃಶ್ಯದಲ್ಲಿ, ತೀರಿಕೊಂಡ ಮಗನ ಅಂಗಿಗೆ ಇಸ್ತ್ರಿ ಹಾಕುವ ಮುನ್ನ ಆಕೆ ಕಾಲರಿನ ಮೇಲೆ ಅಂಗೈ ಇಡುತ್ತಾಳೆ, ಮಗುವಿಗೆ ಜ್ವರವಿದೆಯೇ ಎಂದು ನೋಡುವಂತೆ, ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ, ಇದು ಈ ನಟಿಯ ಸ್ವಂತ ಕಲ್ಪನೆ. ಸ್ವಂತದ್ದಂತೆ ಸ್ವಂತದ್ದು. ಆದರೆ ಯಾವ ಅಂಗೈ, ನಾನೆಲ್ಲಿ ಇಡುತ್ತೇನೆ, ಇಪ್ಪತ್ತು ವರ್ಷದಿಂದ ಇದೇ ಮೇಜು, ಇದರ ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಳು, ಮಗ್ಗಿ ಒಂದೂ ತಲೆಗೆ ಹತ್ತಲಿಲ್ಲ, ಇದು ಹತ್ತಿತು. ಕೆಮ್ಮೂ ಕೇಳಲಿಲ್ಲ, ಅಂದರೆ ಯಾರೂ ನಗಲಿಲ್ಲ, ಒಬ್ಬರೂ ನಗಲಿಲ್ಲ.

ಮುಂದಿನ ಪ್ರದರ್ಶನ ಬರುವ ಭಾನುವಾರ ನಾಲ್ಕಕ್ಕೆ, ಬರುವ ಭಾನುವಾರ ಅಂದರೆ ಇವತ್ತೇ, ಬೆರಳು ತಾನಾಗಿ ಫೋನು ಒತ್ತಿತು, ಮಗಳ ದನಿ, ಏನಮ್ಮಾ, ಹುಷಾರಿದ್ದೀಯಾ, ನಂಗೇನಾಗಿದೆ, ನಾಲ್ಕು ಗಂಟೆ ಆಟಕ್ಕೆ ಒಂದು ಸೀಟು ಸಿಗುತ್ತಾ. ಸಿಗುತ್ತೆ, ಮುಂದಿನ ಸಾಲು ಬೇಡಮ್ಮ, ನಿನ್ನ ಮುಖ ಕಂಡ್ರೆ ಮಾತೇ ಮರೆತುಹೋಗುತ್ತೆ ನಂಗೆ. ಹಿಂದೇನೇ ಕೂತ್ಕೋತೀನಿ. ಅಮ್ಮ, ಅದು ಆಡಿಕೊಳ್ಳೋಕೆ ಮಾಡಿದ್ದಲ್ಲ. ಗೊತ್ತು ಬಿಡೇ. ಗೊತ್ತಿರಲಿಲ್ಲ, ಈಗ ಗೊತ್ತು. ಇನ್ನು ಆರು ಅಂಗಿ, ಮೂರಕ್ಕೆ ಬಾಗಿಲು ಹಾಕಬೇಕು, ಬಸ್ಸು ಸಿಗಬೇಕು, ಹಿಂದಿನ ಸಾಲಿಂದ ಕಾಣುತ್ತದೋ ಇಲ್ಲವೋ, ಕಾಣದಿದ್ದರೆ ಎದ್ದು ನಿಂತರಾಯಿತು, ಅಂಗಿ ಹರಡಿದಳು, ಪೆಟ್ಟಿಗೆ ಎತ್ತಿದಳು, ಎಡಗೈ ಹೇಳದೆ ಕೇಳದೆ ಹೊರಟಿತು, ಬೆರಳು ಚಾಚಿ, ಕಾಲರಿನ ಕಡೆಗೆ — ಅಷ್ಟರಲ್ಲಿ ಅದು ಕಣ್ಣಿಗೆ ಬಿತ್ತು, ಮೊದಲ ಸಲ — ಅಂಗೈ, ಕಾಲರಿಗೆ ಎರಡು ಬೆರಳು ಮೇಲೆ, ಹಾಗೇ ನಿಂತ ಅಂಗೈ.