ಜಂಟಿ ಕಾರ್ಯದರ್ಶಿಯ ವಂದನಾರ್ಪಣೆ

ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಘಕ್ಕೆ ಒಬ್ಬ ಹೆಂಗಸು ಬೇಕಾಗಿತ್ತು. ಜಂಟಿ ಕಾರ್ಯದರ್ಶಿಗಳಲ್ಲಿ ಒಬ್ಬರು ಮಹಿಳೆಯಾಗಿರತಕ್ಕದ್ದು ಎಂದು ನಿಯಮವಿತ್ತು. ಮಾತು ಬಲ್ಲ ಹುಡುಗಿಯರೂ ಇದ್ದರು. ಮಾತಾಡಿಬಿಡುತ್ತಾರೆ ಎಂಬ ಭಯಕ್ಕೆ ಅವರನ್ನು ಕೈಬಿಟ್ಟರು. ಹಂಪಾಪುರದಿಂದ ದಿನಾ ಬಸ್ಸಿನಲ್ಲಿ ಬರುವ, ಹಾಜರಿ ಕೂಗಿದರೆ ತನ್ನ ಬೆಂಚಿಗಷ್ಟೇ ಕೇಳುವಂತೆ ‘ಯೆಸ್ ಸಾರ್’ ಅನ್ನುವ ಚಿಕ್ಕಸಿದ್ದಮ್ಮ ಅವಿರೋಧವಾಗಿ ಆಯ್ಕೆಯಾದಳು. ಆ ಸಂಗತಿ ಅವಳಿಗೆ ತಿಳಿದದ್ದು ನೋಟೀಸ್ ಬೋರ್ಡ್ ನೋಡಿದ ಮೇಲೆ.

ಅಧ್ಯಕ್ಷ ಕೆ.ಆರ್. ನಗರದ ಮುದ್ದಯ್ಯ. ಒಂದು ಎಂ.ಎ. ಮುಗಿದಿತ್ತು, ಅಧ್ಯಕ್ಷಗಿರಿಯ ಆಸೆ ಮುಗಿಯದೆ ಇನ್ನೊಂದಕ್ಕೆ ಸೇರಿದ್ದ. ಅವನ ಕಾಲದಲ್ಲಿ ಸಂಘ ವಿಯೆಟ್ನಾಂ ಯುದ್ಧವನ್ನು ಉಗ್ರವಾಗಿ ಖಂಡಿಸಿತು, ಚಂದ್ರನ ಮೇಲೆ ಕಾಲಿಟ್ಟವರನ್ನು ಮನಸಾರೆ ಅಭಿನಂದಿಸಿತು. ಎರಡೂ ಕಡೆಯಿಂದ ಉತ್ತರ ಬರಲಿಲ್ಲವೆನ್ನುವುದು ಬೇರೆ ಮಾತು.

ಚಿಕ್ಕಸಿದ್ದಮ್ಮನ ಕಷ್ಟ ಚಂದ್ರನಷ್ಟು ದೂರದ್ದಲ್ಲ. ದಿನದ ಕೊನೆಯ ತರಗತಿ ಮುಗಿಯುವ ಹೊತ್ತಿಗೆ ಅವಳ ಊರಿಗೆ ಹೋಗುವ ಕೊನೆಯ ಬಸ್ಸು ಹೊರಟಿರುತ್ತಿತ್ತು. ಹಾಗಾಗಿ ಅವಳು ಆ ತರಗತಿಗೆ ಕೂತದ್ದೇ ಇಲ್ಲ. ಹಾಜರಿ ಸಾಲದೆ ಹೋದರೆ ಪರೀಕ್ಷೆ ಇಲ್ಲ. ಅಪ್ಪ ಚೆಲುವಯ್ಯ ಆಗಲೇ ಹೇಳಿಯಾಗಿತ್ತು: “ಆಸ್ಟಲ್ಲಲ್ಲಿ ಜಾಗ ಸಿಕ್ರೆ ಓದು. ಇಲ್ದಿದ್ರೆ ಈ ತಿಂಗ್ಳಿಗೆ ಸಾಕು ಬುಡವ್ವ, ಬಿ.ಎ. ಮುಗ್ಸಿದೀಯಲ್ಲ.”

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದೇ ಒಂದು ಕೋಣೆ ಉಳಿದಿತ್ತು. ಅದರಲ್ಲಿ ಸಂಘ ವಾಸವಾಗಿತ್ತು. ಮೈಕ್ ಸೆಟ್ಟು, ಬ್ಯಾನರುಗಳು, ಕೇರಂ ಬೋರ್ಡು, ಅಧ್ಯಕ್ಷರ ಕೆತ್ತನೆಯ ಕುರ್ಚಿ. ಗಂಡುಮಕ್ಕಳ ಹಾಸ್ಟೆಲಿನಲ್ಲಿಟ್ಟರೆ ಕಳ್ಳತನವಾಗುತ್ತದಂತೆ. ಇಲ್ಲಾದರೆ ಗೇಟಿಗೆ ಕಾವಲಿದೆ.

ಬಾಯೊಳಗೆ ಹತ್ತು ಸಲ ಹೇಳಿಕೊಂಡು, ಒಂದು ಮಧ್ಯಾಹ್ನ ಅವಳು ಮುದ್ದಯ್ಯನೆದುರು ನಿಂತಳು.

“ಸಾರ್, ಆ ರೂಮು...”

“ಯಾವ ರೂಮಮ್ಮ?”

“ಸಂಘದ ಸಾಮಾನಿರೋದು. ನನಗೆ ಕೊಟ್ಟರೆ...”

“ನೋಡಿ ಸಿದ್ದಮ್ಮನವರೇ, ಸಂಘ ಇರೋದು ಎಲ್ಲರಿಗೋಸ್ಕರ. ಒಬ್ಬರಿಗೋಸ್ಕರ ಮಾಡಿದರೆ ಅದು ಸ್ವಾರ್ಥ ಆಗ್ತದೆ. ಮುಂದಿನ ಸಭೇಲಿ ಒಂದು ಉಪಸಮಿತಿ ಮಾಡೋಣ.” ಆಮೇಲೆ ನೆನಪಾಗಿ, “ಅಂದಹಾಗೆ, ನಿಮ್ಮೂರಲ್ಲೇ ಗ್ರಾಮ ಸಂಪರ್ಕ ಕಾರ್ಯಕ್ರಮ ಇಟ್ಟುಕೊಂಡಿದ್ದೀವಿ. ವಂದನಾರ್ಪಣೆ ನಿಮ್ಮದು” ಎಂದ.

ವಂದನಾರ್ಪಣೆ ಯಾವಾಗಲೂ ಅವಳದೇ. ಸಂಘದಲ್ಲಿ ಹೆಣ್ಣಿಗೆಂದು ಮೀಸಲಿಟ್ಟ ಕೆಲಸ ಅದೊಂದೇ. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಬರುವುದರಿಂದ ಅವಳಿಗೂ ಅದು ಹಿತವೇ ಆಗಿತ್ತು.

ಗ್ರಾಮ ಸಂಪರ್ಕದ ಬೆಳಿಗ್ಗೆ ಅವಳು ಅವ್ವ ಕೆಂಪಾಜಮ್ಮನೊಂದಿಗೆ ಹ್ಯಾಂಡ್‌ಪೋಸ್ಟಿನ ಸಂತೆಯಿಂದ ಸಭೆಗೆ ಹೂವು ತರುತ್ತಿದ್ದಳು. ಬಸ್ಸು ಅವರ ಹೊಲದ ಹತ್ತಿರ ನಿಲ್ಲುವಂಥದ್ದಲ್ಲ. ಕೆಂಪಾಜಮ್ಮ ಹತ್ತಿದ್ದೇ ಕಂಡಕ್ಟರನ ತಲೆ ನೇವರಿಸುವಂತೆ ಕೈ ನೀಡಿದಳು.

“ನಮ್ಮ ಒಲದತ್ರ ನಿಲ್ಲಿಸ್ತೀಯಲ್ಲ ನನ್ನಪ್ಪ, ನಿನ್ ಒಟ್ಟೆ ತಣ್ಣಗಿರ್ಲಿ.”

“ನಿಲ್ಲಿಸ್ತೀನಿ ಅಂತ ನಾನ್ ಯಾವಾಗ ಅಂದೆ ಅವ್ವ?”

“ಅನ್ಬೇಕಾ? ನಿನ್ ಮೊಕ ನೋಡುದ್ರೆ ಗೊತ್ತಾಗಕಿಲ್ವಾ? ನೋಡ್ರಪ್ಪ, ಎಂಥಾ ಮಗ!”

ಬಸ್ಸಿನವರೆಲ್ಲ ತಿರುಗಿ ಎಂಥಾ ಮಗನೆಂದು ನೋಡಿದರು. ಬಸ್ಸು ಹೊಲದ ಹತ್ತಿರವೇ ನಿಂತಿತು. ಚಿಕ್ಕಸಿದ್ದಮ್ಮ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಳಿದಳು.

ಸಂಜೆ ಶಾಲೆಯ ಬಯಲಿನಲ್ಲಿ ಸಭೆ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಸಾಹೇಬರು ಮುಖ್ಯ ಅತಿಥಿ. ಸುಗ್ಗಿ ಕೆಲಸ ಬಿಟ್ಟು ಬಂದ ಜನರಿಗೆ ಮುದ್ದಯ್ಯ ಶ್ರಮದ ಮಹತ್ವ ತಿಳಿಸಿಕೊಟ್ಟ. ಹಳ್ಳಿಯ ಹೆಣ್ಣುಮಕ್ಕಳು ಉನ್ನತ ವಿದ್ಯಾಭ್ಯಾಸಕ್ಕೆ ಮುಂದೆ ಬರಬೇಕೆಂದೂ ಕರೆಕೊಟ್ಟ. ಮುಂದಿನ ಸಾಲಿನಲ್ಲಿದ್ದ ಚೆಲುವಯ್ಯ ಪಕ್ಕದವನಿಗೆ, “ಮುಂದುಕ್ಕೆ ಬಂದೋರು ಮಲಗದೆಲ್ಲಿ ಅಂತ ಏಳ್ನಿಲ್ವಲ್ಲ ಕಣ್ಲಾ” ಎಂದದ್ದು ವೇದಿಕೆಗೂ ಕೇಳಿಸಿತು. ಮುದ್ದಯ್ಯನಿಗೆ ಮಾತ್ರ ಕೇಳಿಸಲಿಲ್ಲ.

ಚಿಕ್ಕಸಿದ್ದಮ್ಮ ಮೈಕಿನ ಮುಂದೆ ನಿಂತಳು. ಶಾಮಿಯಾನದವರಿಗೆ, ಹೂವಿನವರಿಗೆ, ಮೇಷ್ಟರಿಗೆ ವಂದನೆ ಹೇಳಿದಳು. ಜನ ಚಪ್ಪಲಿ ಹುಡುಕತೊಡಗಿದ್ದರು. ಕಂಬಕ್ಕೊರಗಿ ನಿಂತಿದ್ದ ಅವ್ವ ಕಣ್ಣಿಗೆ ಬಿದ್ದಳು. ಕೈಲಿದ್ದ ಚೀಟಿಯಲ್ಲಿ ಇರದ ಮಾತು ಬಾಯಿಗೆ ಬಂತು.

“ಕೊನೆಯದಾಗಿ... ಹಾಸ್ಟೆಲಿನಲ್ಲಿ ಸಂಘದ ಸಾಮಾನಿದ್ದ ಕೋಣೆಯನ್ನು ತೆರವು ಮಾಡಿಸಿ, ಈ ಊರಿನ ಮಗಳಾದ ನನಗೆ ಕೊಡುತ್ತಿರುವ ಮಾನ್ಯ ರಿಜಿಸ್ಟ್ರಾರ್ ಸಾಹೇಬರಿಗೂ, ದೊಡ್ಡ ಮನಸ್ಸಿನಿಂದ ಒಪ್ಪಿದ ನಮ್ಮ ಅಧ್ಯಕ್ಷರಿಗೂ ಹಂಪಾಪುರದ ಪರವಾಗಿ ವಂದನೆಗಳು.”

ಚಪ್ಪಲಿ ಹುಡುಕುತ್ತಿದ್ದವರು ನಿಂತು ಚಪ್ಪಾಳೆ ಹೊಡೆದರು. ಸಾಹೇಬರು ಮುದ್ದಯ್ಯನನ್ನು ನೋಡಿದರು. ಮುದ್ದಯ್ಯ ಹಾರದ ಚೆಂಡುಹೂವನ್ನು ನೋಡಿದ. ಅಷ್ಟರಲ್ಲಿ ಕೆಂಪಾಜಮ್ಮ ವೇದಿಕೆ ಹತ್ತಿಬಿಟ್ಟಿದ್ದಳು.

“ನನ್ ಮಗೀಗೆ ಜಾಗ ಕೊಟ್ರಲ್ಲ ಸ್ವಾಮಿ, ನಿಮ್ ಒಟ್ಟೆ ತಣ್ಣಗಿರ್ಲಿ!”

“ಹೂಂ... ಆಗಲಿ ತಾಯಿ... ಮಾಡ್ತಿದ್ದೀವಿ” ಎಂದರು ಸಾಹೇಬರು. ಕೊರಳಲ್ಲಿ ಹಾರವಿದ್ದಾಗ ಇಲ್ಲ ಎನ್ನುವುದು ಕಷ್ಟ.

ವ್ಯಾನು ಹತ್ತುವಾಗ ಮುದ್ದಯ್ಯನ ಭಾಷಣದ ಕನ್ನಡ ಕಳಚಿಬಿದ್ದಿತ್ತು. “ಏನ್ರಮ್ಮ ಇಂಗ್ ಮಾಡ್ಬುಟ್ರಿ? ಆ ಕುರ್ಚಿ ಎಲ್ಲಿ ಇಡಾನ ಈಗ?”

“ಉಪಸಮಿತಿ ಮಾಡೋಣ ಸಾರ್” ಎಂದಳು ಚಿಕ್ಕಸಿದ್ದಮ್ಮ, ನೆಲ ನೋಡುತ್ತ.

ಮುಂದಿನ ವಾರವೇ ಕೋಣೆ ಸಿಕ್ಕಿತು. ಕೊನೆಯ ತರಗತಿಯಲ್ಲಿ ಅವಳು ಹೇಳಿದ ‘ಯೆಸ್ ಸಾರ್’ ಎರಡು ಬೆಂಚಿನಾಚೆಗೂ ಕೇಳಿಸಿತಂತೆ. ಮಹಿಳಾ ಶಿಕ್ಷಣಕ್ಕಾಗಿ ತಾನು ನಡೆಸಿದ ದೀರ್ಘ ಹೋರಾಟಕ್ಕೆ ಜಯ ಸಿಕ್ಕಿತೆಂದು ಸಂಘ ಒಂದು ಸಮಾರಂಭ ಮಾಡಿ, ಮುದ್ದಯ್ಯನಿಗೆ ಶಾಲು ಹೊದಿಸಿತು. ವಂದನಾರ್ಪಣೆ ಯಥಾಪ್ರಕಾರ ಜಂಟಿ ಕಾರ್ಯದರ್ಶಿಯದು.

ಅವಳು ಎಲ್ಲರನ್ನೂ ವಂದಿಸಿದಳು. ಹೋರಾಟವನ್ನೂ ವಂದಿಸಿದಳು. ಕೊನೆಗೆ, ಆ ಕೋಣೆಗೆ ದೀಪವಿಲ್ಲದ್ದನ್ನು ತಾವಾಗಿಯೇ ಗಮನಿಸಿ ಬಲ್ಬು ಹಾಕಿಸುತ್ತಿರುವ ಅಧ್ಯಕ್ಷರಿಗೆ ವಿಶೇಷ ವಂದನೆ ಅರ್ಪಿಸಿದಳು.

ಬಲ್ಬು ಮಾರನೆಯ ದಿನ ಬಂತು.