ಸೋಮವಾರದ ಪ್ಯಾರಿಸ್

ಗಡಿನಾಡಿನ ಉಮದಿಯ ಶಂಕರೆಪ್ಪ ಮಾಸ್ತರರಿಗೆ ಸಂಗೀತದ ಕಿವಿ ಇದೆ ಎಂಬ ಸಂಗತಿ ಊರಿಗೆ ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ. ಅದಕ್ಕೂ ಮೊದಲು ಮೂವತ್ತಮೂರು ವರ್ಷ ಅವರು ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿದರು. ಆಗ ಜನರಿಗೆ ಪರಿಚಯವಿದ್ದದ್ದು ಅವರ ಕೈ ಮಾತ್ರ. ಅದರ ನೆನಪು ಊರಿನ ಅರ್ಧ ಗಂಡಸರ ಬೆನ್ನಿಗೆ ಇನ್ನೂ ಇದೆ. ಸಂಗೀತಕ್ಕೂ ಅವರಿಗೂ ಇದ್ದ ಸಂಬಂಧ ಒಂದೇ. ಹರೆಯದಲ್ಲಿ ಹತ್ತಿರದ ಬಾಲಗಾಂವದ ಭಜನಾ ಮೇಳದವರು, ಇವನಿಗೆ ಲಯ ಹತ್ತುವುದಿಲ್ಲ ಎಂದು ನಾಲ್ಕು ಜನರೆದುರು ಇವರ ಕೈಯಿಂದ ತಾಳ ಕಸಿದುಕೊಂಡಿದ್ದರು. ಆ ಅವಮಾನ ನಲವತ್ತು ವರ್ಷ ಹೊಟ್ಟೆಯೊಳಗೆ ಕುದಿಯುತ್ತಲೇ ಇತ್ತು.

ನಿವೃತ್ತಿಯ ವರ್ಷ ಮಿರಜದ ಹಳೆ ಸಾಮಾನಿನ ಅಂಗಡಿಯಲ್ಲಿ ಅವರಿಗೆ ಕೆಟ್ಟು ನಿಂತ ಒಂದು ರೆಕಾರ್ಡ್ ಪ್ಲೇಯರೂ ಒಂದು ದೊಡ್ಡ ಕಪ್ಪು ತಟ್ಟೆಯೂ ಸಿಕ್ಕವು. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪಿನ ಮೋಟಾರು ಸುತ್ತಿಕೊಡುವ ಬಾದಶಹಾ ಪ್ಲೇಯರನ್ನು ದುರಸ್ತಿ ಮಾಡಿಕೊಟ್ಟ. ತಟ್ಟೆಯಲ್ಲಿದ್ದದ್ದು ಫ್ರಾನ್ಸಿನ ಒಂದು ಬ್ಯಾಲೆಗಾಗಿ ಬರೆದ ವಾದ್ಯವೃಂದದ ಸಂಗೀತ: ನಸುಕಿನಲ್ಲಿ ಸರೋವರವೊಂದು ಎಚ್ಚರಾಗುತ್ತದೆ, ಒಳಗಿಂದ ಹುಡುಗಿಯೊಬ್ಬಳು ಎದ್ದು ಬಂದು ಕುಣಿಯುತ್ತಾಳೆ. "ಕುಣ್ಯಾಕಿ ಎಲ್ಲಿ ಅದಾಳ್ರಿ?" ಎಂದು ಕೇಳಿದ ನೆರೆಮನೆಯವನನ್ನು ಮಾಸ್ತರರು ಅಂದೇ ಹೊರಗೆ ಕಳಿಸಿದರು.

ಮುಂದೆ ಅದೇ ಅಂಗಡಿಯಲ್ಲಿ ಅದೇ ಬ್ಯಾಲೆಯ ಇನ್ನೆರಡು ತಟ್ಟೆ ಸಿಕ್ಕವು. ಹಸಿರು ಪಾಕೀಟಿನದು ಪ್ಯಾರಿಸ್ಸಿನ ವಾದ್ಯವೃಂದ, ಕೆಂಪಿನದು ವಿಯೆನ್ನಾದ್ದು, ನೀಲಿಯದು ಪ್ರಾಗ್ ಊರಿನದು. ಪಾಕೀಟಿನ ಮೇಲೆ ಹಾಗೆ ಅಚ್ಚಾಗಿತ್ತು. ಮೂರನ್ನೂ ತೂಗಿ ನೋಡುವುದೇ ಮಾಸ್ತರರ ಉದ್ಯೋಗವಾಯಿತು. ಒಂದೇ ದಿನ ಎರಡು ಕೇಳಿದರೆ ಕಿವಿ ಕಲಕಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಸೋಮವಾರ ಮುಂಜಾನೆ ಹತ್ತಕ್ಕೆ ಪ್ಯಾರಿಸ್, ಶುಕ್ರವಾರ ಹತ್ತಕ್ಕೆ ವಿಯೆನ್ನಾ, ರವಿವಾರ ಸಂಜೆ ಏಳಕ್ಕೆ ಪ್ರಾಗ್. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ಸಿಲ್ಲು. ಹೀಗೆ ಹನ್ನೊಂದು ವರ್ಷ, ಒಂದು ವಾರವೂ ತಪ್ಪದೆ.

ಫಲ ಬಂದಿತು. ಪ್ಯಾರಿಸ್ ಇಪ್ಪತ್ತೇಳು ನಿಮಿಷ, ವಿಯೆನ್ನಾ ಇಪ್ಪತ್ತಮೂರು, ಪ್ರಾಗ್ ಇಪ್ಪತ್ತೈದು. ಸಾಂಗಲಿಯ ಒಂದು ಮರಾಠಿ ಮಾಸಿಕಕ್ಕೆ ಅವರು ಬರೆಯತೊಡಗಿದರು: 'ಪ್ಯಾರಿಸ್ಸಿನವರಿಗೆ ಅವಸರವಿಲ್ಲ, ಅವರ ಸರೋವರಕ್ಕೆ ತಳವೇ ಇಲ್ಲ. ವಿಯೆನ್ನಾದವರು ಬಸ್ಸು ತಪ್ಪೀತೆಂದು ಓಡುವ ಜನ. ಪ್ರಾಗಿನವರು ನಡುವೆ ನಿಂತು ಎರಡೂ ಕಡೆ ನೋಡುತ್ತಾರೆ.' ನಗಬೇಡಿ. ಸೋಮವಾರ ಆ ಸರೋವರ ಕಣ್ಣು ಬಿಡುವಾಗ ಮಾಸ್ತರರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು.

ಹೆಂಡತಿ ಮಾಯಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. "ಬಾಗಲಾ ಮುಚ್ಚು. ನಿನಗ ಕಿವಿ ಇಲ್ಲ, ಮ್ಯಾಲ ಮೊರದ ಸಪ್ಪಳ ಬ್ಯಾರೆ" ಎಂದು ಮಾಸ್ತರರು ಒಳಗಿಂದ ಹೇಳುತ್ತಿದ್ದರು. ಅವಳು ಬಾಗಿಲು ಮುಂದಕ್ಕೆ ಎಳೆಯುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಬಹುದು, ಕಿವಿಗೆ ಹಾಕಲಾಗುವುದಿಲ್ಲವಲ್ಲ, ಅವಳಿಗೂ ಹನ್ನೊಂದು ವರ್ಷ ಎಲ್ಲ ಕೇಳಿಸಿತು.

ಈ ವರ್ಷ ಸಾಂಗಲಿಯ ರಸಿಕರ ಮಂಡಳಿಯೊಂದರಿಂದ ಪತ್ರ ಬಂತು. ಮೂರು ಧ್ವನಿಮುದ್ರಿಕೆಗಳ ಮೇಲೆ ಮಾಸ್ತರರು ಉಪನ್ಯಾಸ ಕೊಡಬೇಕು, ಯಾವುದು ಶ್ರೇಷ್ಠ ಎಂದು ನಿರ್ಣಯ ಹೇಳಬೇಕು, ಬಳಿಕ ಶಾಲು ಹೊದಿಸಿ ಸತ್ಕಾರ, ಸಪತ್ನೀಕರಾಗಿ ಬರಬೇಕು. ಮಾಸ್ತರರು ಆ ಪತ್ರವನ್ನು ಉಮದಿಯಲ್ಲೆಲ್ಲ ತೋರಿಸಿದರು. ಅಷ್ಟಕ್ಕೆ ಸಮಾಧಾನವಾಗದೆ ಬಾಲಗಾಂವಕ್ಕೂ ಹೋದರು. ಆ ಹಳೆಯ ಮೇಳದವರಲ್ಲಿ ಉಳಿದವನು ಗುರಪ್ಪ ಒಬ್ಬನೇ. ಅವನಿಗೆ ಈಗ ಕಿವಿ ಪೂರ್ತಿ ಕಿವುಡು. ಮಾಸ್ತರರು ಪತ್ರವನ್ನು ಮೂರು ಸಲ ಕೂಗಿ ಓದಿ ಬಂದರು.

ಉಪನ್ಯಾಸಕ್ಕೆ ಒಂದು ವಾರ ಮೊದಲು, ಶುಕ್ರವಾರ, ವಿಯೆನ್ನಾ ಮುಗಿಸಿ ಮಾಸ್ತರರು ಹೊರಗೆ ಬಂದಾಗ ಮಾಯಕ್ಕ ಮೊರ ಕೆಳಗಿಟ್ಟಳು.

"ಒಂದ ಮಾತ ಕೇಳ್ಲೇನ್ರಿ? ಈ ಕೆಮ್ಮಾಂವ ಮೂರೂ ಊರಿಗಿ ಹೋಗಿದ್ನೇನು?"

"ಯಾವ ಕೆಮ್ಮಾಂವ?"

"ಕೊಳಲ ನಿಂತ ಮ್ಯಾಲ ಒಬ್ಬಾಂವ ಎರಡ ಸಲ ಕೆಮ್ಮತಾನಲ್ರಿ. ಸೋಮಾರನೂ ಕೆಮ್ಮತಾನ, ಶುಕ್ರವಾರನೂ ಕೆಮ್ಮತಾನ, ಐತಾರನೂ ಕೆಮ್ಮತಾನ. ಹನ್ನೊಂದ ವರ್ಷಾತು, ಪಾಪ, ಯಾರೂ ಅವಂಗ ಔಷಧಾ ಕೊಡ್ಲಿಲ್ಲ."

ಮಾಸ್ತರರು ಸಿಟ್ಟಿಗೆದ್ದು ಬೈದರು. ಬೈದ ಮೇಲೆ ಒಳಗೆ ಹೋಗಿ, ತಮ್ಮ ಸಿದ್ಧಾಂತವನ್ನು ಮೊದಲ ಸಲ ಮುರಿದು, ಮೂರೂ ತಟ್ಟೆಗಳನ್ನು ಒಂದರ ಹಿಂದೊಂದು ಹಾಕಿದರು. ಇಪ್ಪತ್ತಮೂರು ನಿಮಿಷ. ಇಪ್ಪತ್ತಮೂರು. ಇಪ್ಪತ್ತಮೂರು. ಕೊಳಲು ನಿಂತಾಗ ಪ್ಯಾರಿಸ್ಸಿನಲ್ಲಿ ಒಬ್ಬ ಎರಡು ಸಲ ಕೆಮ್ಮಿದ, ವಿಯೆನ್ನಾದಲ್ಲಿ ಅವನೇ ಕೆಮ್ಮಿದ, ಪ್ರಾಗಿನಲ್ಲೂ ಅವನೇ.

ಊಟ ಬಿಟ್ಟು ಬಾದಶಹಾನ ಅಂಗಡಿಗೆ ಓಡಿದರು. ಅವನು ತಂತಿ ಸುತ್ತುತ್ತಲೇ ಕೇಳಿಸಿಕೊಂಡ.

"ಗುರುಗಳ, ಅದರ ಮೂಲ ಮೋಟಾರ ಸುಟ್ಟಿತ್ತು. ನಾ ಟೇಬಲ್ ಫ್ಯಾನಿನ ಮೋಟಾರ ಕುಂದರಿಸೀನಿ. ಅದು ಕರೆಂಟ ಬಂದಂಗ ತಿರಗತೈತಿ. ಸೋಮಾರ ಮುಂಜಾನಿ ತೋಟದ ಪಂಪಿಗಿ ಕರೆಂಟ ಬಿಡೂ ಪಾಳಿ ಅಲ್ರಿ? ನಮ್ಮ ಲೈನಿನ ಡಾಳಿಂಬಿ ತೋಟದವರೆಲ್ಲಾ ಒಮ್ಮಿಗೇ ಮೋಟಾರ ಚಾಲೂ ಮಾಡ್ತಾರ. ಆವಾಗ ಕರೆಂಟ ಇಳದು ನಿಮ್ಮ ಮನಿ ಫ್ಯಾನಿನ ರೆಕ್ಕಿ ಸೈತ ಎಣಸಾಕ ಬರ್ತಾವು. ಶುಕ್ರವಾರ ಪಾಳಿ ರಾತ್ರಿದು, ಹಗಲಿ ಕರೆಂಟ ಭಾಳ ಚಲೋ. ಐತಾರ ಸಂಜಿಕ ಮನಿಮನಿಗಿ ಟಿವಿ, ಹಿಂಗಾಗಿ ನಡುವಿಂದು."

"ಮತ್ತ ಮೂರು ತಟ್ಟಿ?"

"ಮಾಲ ಒಂದ, ಪಾಕೀಟ ಮೂರು. ನಮ್ಮ ಪಂಪಿನ ಧಂದ್ಯಾದಾಗೂ ಹಂಗ ಐತ್ರಿ. ಕಾರಖಾನಿ ಒಂದ, ಲೇಬಲ್ಲ ಮಾತ್ರ ಬ್ಯಾರೆ."

"ಇಷ್ಟ ದಿನ ಯಾಕ ಹೇಳ್ಲಿಲ್ಲೋ?"

"ನೀವ ಎಲ್ಲಿ ಕೇಳಿದ್ರಿ? ತಿರಗಿದ್ರ ಸಾಕು ಅಂದ್ರಿ, ತಿರಗಸೀನಿ."

ಪಂಪಿನ ಪಾಳಿ ಉಮದಿಯಲ್ಲಿ ಎಮ್ಮೆಗೂ ಗೊತ್ತು. ಗಣಿತದ ಮಾಸ್ತರರಿಗೂ ಗೊತ್ತಿತ್ತು. ಆದರೆ ಪ್ಯಾರಿಸ್ಸಿಗೆ ಪಾಳಿ ಹತ್ತುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ತಳವಿಲ್ಲದ ಆ ಸರೋವರದಲ್ಲಿ ಹನ್ನೊಂದು ವರ್ಷ ನೀರು ತುಂಬಿಸಿದವರು ದಾಳಿಂಬೆಯವರು. ಮನೆಗೆ ಬಂದು, ಜ್ವರ ಬಂದಿದೆ, ಬರಲಾಗುವುದಿಲ್ಲ ಎಂದು ಮಂಡಳಿಗೆ ಪತ್ರ ಬರೆದರು. ಬರೆದು ಹರಿದರು. ಬಾಲಗಾಂವದಲ್ಲಿ ಅಷ್ಟು ಕೂಗಿ ಓದಿದ್ದು ನೆನಪಾಗಿತ್ತು. ಕಿವಿಯುಳ್ಳವರು ಎಂಬ ಹೆಸರೊಂದನ್ನು ಬಿಟ್ಟರೆ ಅವರ ಹತ್ತಿರ ಬೇರೇನಿತ್ತು? ಮಾಯಕ್ಕನಿಗೆ ಒಂದು ಮಾತೂ ಹೇಳದೆ ಕೋಟು ಇಸ್ತ್ರಿ ಮಾಡಿಸಿದರು. ಹೇಳಬೇಕಾಗಿಯೂ ಇರಲಿಲ್ಲ, ಆ ಶುಕ್ರವಾರ ಒಂದರ ಹಿಂದೊಂದು ಬಂದ ಮೂರೂ ಕೆಮ್ಮು ಬಾಗಿಲಾಚೆ ಅವಳಿಗೂ ಕೇಳಿಸಿದ್ದವು.

ಸಾಂಗಲಿಯ ಸಭಾಗೃಹದಲ್ಲಿ ನಲವತ್ತು ಜನರಿದ್ದರು. ಅಧ್ಯಕ್ಷರು ಒಬ್ಬ ನಿವೃತ್ತ ದಂತವೈದ್ಯರು. ಅವರ ರೆಕಾರ್ಡ್ ಪ್ಲೇಯರು ಒಳ್ಳೆಯ ಯಂತ್ರ, ಕರೆಂಟು ಏನೇ ಆಡಿದರೂ ಅದು ಒಂದೇ ವೇಗದಲ್ಲಿ ತಿರುಗುತ್ತಿತ್ತು. ಮಾಸ್ತರರು ಬೆವರುತ್ತ ಹಸಿರನ್ನು ಹಾಕಿ, "ಈಗ ಆಳ ನೋಡಿ" ಎಂದು ಮರಾಠಿಯಲ್ಲಿ ಹೇಳಿದರು. ನಲವತ್ತು ತಲೆಗಳು ಆಳಕ್ಕೆ ಇಳಿದವು. ಕೆಂಪನ್ನು ಹಾಕಿ, "ಅವಸರ ಗಮನಿಸಿ" ಎಂದರು. ಬೆರಳುಗಳು ತೊಡೆಯ ಮೇಲೆ ಅವಸರವಾಗಿ ಕುಣಿದವು. ನೀಲಿಗೆ ಎಲ್ಲರೂ ಅರ್ಧ ತಲೆದೂಗಿದರು. ಹಸಿರಿನದಕ್ಕೆ ತಮಗೆ ಕಣ್ಣೀರು ಬಂತೆಂದು ಅಧ್ಯಕ್ಷರು ಹೇಳಿದರು. ಹಿಂದಿನ ಸಾಲಿನಲ್ಲಿ ಜಾಕೀಟು ಹಾಕಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಎದ್ದು, ಕೆಂಪಿನ ಪಿಟೀಲುಗಳ ಚುರುಕು ಹಸಿರಿಗೆಲ್ಲಿ ಎಂದರು. ಹಸಿರಿನವರಿಗೂ ಕೆಂಪಿನವರಿಗೂ ವಾದ ಹತ್ತಿ ಅರ್ಧ ತಾಸು ನಡೆಯಿತು.

ಮಾಸ್ತರರ ಬೆವರು ಆರಿತು. ಅದರ ಜಾಗದಲ್ಲಿ ತಿರಸ್ಕಾರ ಹುಟ್ಟಿತು. ಇವರಿಗಿಂತ ಬಾಲಗಾಂವದವರೇ ಮೇಲು, ಕೈಯಿಂದ ತಾಳ ಕಸಿದುಕೊಳ್ಳುವಷ್ಟಾದರೂ ಅವರಿಗೆ ಕೇಳಿಸುತ್ತಿತ್ತು ಎಂದುಕೊಂಡರು.

ಶಾಲು ಹೊದಿಸಿದ ಮೇಲೆ ಅಧ್ಯಕ್ಷರು ಸೌಜನ್ಯಕ್ಕೆಂದು ಮುಂದಿನ ಸಾಲಿನಲ್ಲಿ ಕೂತಿದ್ದ ಮಾಯಕ್ಕನ ಕಡೆ ತಿರುಗಿದರು. "ವಹಿನಿ, ನಿಮಗೆ ಯಾವುದು ಸೇರಿತು?"

ಮಾಸ್ತರರು ಶಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮಾಯಕ್ಕ ಗಂಡನ ಮುಖ ನೋಡಿದಳು. ಆಮೇಲೆ ಮರಾಠಿಯಲ್ಲಿ, "ಹಸಿರಿನದು. ಅದರಲ್ಲಿ ಅವಸರ ಇಲ್ಲ" ಎಂದಳು.

ಸಭೆ ಚಪ್ಪಾಳೆ ತಟ್ಟಿತು. ಮಾಸ್ತರರ ಸಹವಾಸ ಎಂಥದು ನೋಡಿ ಎಂದರು ಅಧ್ಯಕ್ಷರು. ಈಗ ಮಾಸ್ತರರು ಸುಮ್ಮನೆ ಕೈ ಮುಗಿದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹೆಗಲ ಮೇಲೆ ಶಾಲು ಬಿದ್ದ ಮನುಷ್ಯ ಸುಮ್ಮನಿರುವುದುಂಟೆ?

"ಹನ್ನೊಂದು ವರ್ಷ ಹಿಡಿಯಿತು ಕಲಿಸಲು" ಎಂದರು ಅವರು, ನಗುತ್ತ. "ಮೊದಲು ಇವಳಿಗೆ ಕಿವಿಯೇ ಇರಲಿಲ್ಲ."

ಜನ ನಕ್ಕರು. ಮಾಯಕ್ಕ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಹಾಗಿದ್ದರೆ ಒಂದು ಸಲ ಪಾಕೀಟು ತೋರಿಸದೆ ಹಾಕಿರಿ. ಯಾವುದು ಯಾವುದೆಂದು ಇವರು ಹೇಳಲಿ. ಕಲಿಸಿದವರ ಕಿವಿಯನ್ನೂ ನೋಡೋಣ."

ಸಭೆಗೆ ಈ ಆಟ ಭಾರಿ ಹಿಡಿಸಿತು. ಅಧ್ಯಕ್ಷರು ಮಾಸ್ತರರನ್ನು ಗೋಡೆಯ ಕಡೆ ಮುಖಮಾಡಿ ನಿಲ್ಲಿಸಿ ತಟ್ಟೆ ಹಾಕಿದರು. ಸರೋವರ ಎಚ್ಚರಾಯಿತು. ಮಾಸ್ತರರು ಕಣ್ಣು ಮುಚ್ಚಿ, ದೇವರೇ ಎಂದು, "ಹಸಿರು" ಅಂದರು.

ತಿರುಗಿ ನೋಡಿದರೆ ಅಧ್ಯಕ್ಷರ ಕೈಯಲ್ಲಿ ಕೆಂಪು ಪಾಕೀಟು.

ಅಂದು ನಾಲ್ಕು ಜನರೆದುರು ಕೈಯಿಂದ ತಾಳ ಹೋಗಿತ್ತು, ಇಂದು ನಲವತ್ತು ಜನರೆದುರು ಕಿವಿಯೂ ಹೋಯಿತು. ಮಾಸ್ತರರು ಶಾಲು ತೆಗೆದು ಮೇಜಿನ ಮೇಲಿಟ್ಟು ಎಲ್ಲ ಹೇಳಿಬಿಟ್ಟರು. ಮೂರೂ ಒಂದೇ ಮುದ್ರಿಕೆ, ಕೆಮ್ಮುವವನೂ ಒಬ್ಬನೇ, ವ್ಯತ್ಯಾಸವೆಲ್ಲ ಫ್ಯಾನಿನ ಮೋಟಾರಿನದು, ನಾನು ಬರೆದದ್ದೆಲ್ಲ ಸುಳ್ಳು, ನನಗೆ ಏನೂ ಕೇಳಿಸುವುದಿಲ್ಲ ಎಂದರು.

ಬ್ಯಾಂಕಿನ ಅಧಿಕಾರಿ ತಟ್ಟನೆ ಎದ್ದರು. "ಸಾಧ್ಯವಿಲ್ಲ! ಕೆಂಪಿನ ಪಿಟೀಲು ಬೇರೆ ಎಂದು ನಾನೇ ನನ್ನ ಕಿವಿಯಾರೆ ಕೇಳಿದ್ದೇನೆ. ನೀವು ತೀರಾ ವಿನಯ ತೋರಿಸುತ್ತಿದ್ದೀರಿ." ಹಸಿರಿನವರೂ ಈಗ ಅವರ ಕಡೆ ಸೇರಿದರು. ತಾವು ಸುರಿಸಿದ ಕಣ್ಣೀರನ್ನು ಅಧ್ಯಕ್ಷರು ಮರಳಿ ಒಳಗೆ ಹಾಕಿಕೊಳ್ಳುವುದಾದರೂ ಹೇಗೆ? "ಮಾಸ್ತರರು ನಮ್ಮ ಪರೀಕ್ಷೆ ಮಾಡುತ್ತಿದ್ದಾರೆ!" ಎಂದು ಅವರು ಕೂಗಿ, ಶಾಲನ್ನು ಎತ್ತಿ ಮತ್ತೆ ಹೊದಿಸಿದರು. ನಲವತ್ತೂ ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

ಮಾಸ್ತರರು ಬೇಡ ಬೇಡ ಎಂದು ಕೈಯಾಡಿಸಿದರು. ಚಪ್ಪಾಳೆ ಏರಿತು. ಮರಾಠಿಯಲ್ಲಿ ಆಣೆ ಇಟ್ಟರು, ಇನ್ನೂ ಏರಿತು. ಕೊನೆಗೆ ಬಾಯಿಗೆ ಬಂದ ಕನ್ನಡದಲ್ಲೇ, "ಖರೇ ಹೇಳಾಕತ್ತೀನ್ರೋ! ಯಾರಿಗರೆ ಕೇಳಸ್ತೇನು?" ಎಂದು ಚೀರಿದರು.

"ನನಗ ಕೇಳಸ್ತ್ರಿ" ಅಂದಳು ಮಾಯಕ್ಕ, ಮುಂದಿನ ಸಾಲಿನಿಂದ. "ಇನ್ನ ಕುಂದ್ರಿ."