ಮೊದಲ ಸಹಿ ಯಾರದು

“ಇವತ್ತೂ ಯಾರ ಸಹಿನೂ ಬಂದಿಲ್ಲ, ಕಾರ್ಸ್ಟನ್,” ಎಂದಳು ಮಾರ್ಲಿಸ್ ಫೋನಿನಲ್ಲಿ. ಡಲೂತ್‌ನ ವಕೀಲರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವಳು ಅವಳು. ಯಾವಾಗ ಮಾತಾಡಿದರೂ ಬಾಯಲ್ಲಿ ಏನೋ ಅಗಿಯುತ್ತಿರುವ ಸದ್ದು.

ಕಾರ್ಸ್ಟನ್‌ಗೆ ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೋಯಿತು. ಇಂದು ಬುಧವಾರ. ಶುಕ್ರವಾರಕ್ಕೆ ಅಮ್ಮ ಸತ್ತು ಒಂದು ವರ್ಷ. ಅಷ್ಟರೊಳಗೆ ಮೂವರು ಮಕ್ಕಳೂ ಸಹಿ ಹಾಕಿದರೆ ಸರೋವರದ ದಂಡೆಯ ಈ ಮರದ ಮನೆ ಅವನದು, ಇಲ್ಲದಿದ್ದರೆ ಮಾರಾಟಕ್ಕೆ ಎಂದು ಅಮ್ಮ ಬರೆದಿಟ್ಟಿದ್ದಳು. ಹೆಂಡತಿ ಬಿಟ್ಟುಹೋದ ಮೇಲೆ ಅವನು ಇಲ್ಲಿಗೆ ಬಂದವನು, ಇಲ್ಲಿಯೇ ಮತ್ತೆ ಮನುಷ್ಯನಾದವನು. ಇದು ಕೈತಪ್ಪಿದರೆ ಊರಲ್ಲಿ ಬಾಡಿಗೆ ಕೋಣೆಯೇ ಗತಿ.

ಬೇಸಿಗೆಯಲ್ಲಿ ಅಕ್ಕ ಆರ್ಡಿಸ್, ಅಣ್ಣ ನಾರ್ವಲ್ ಇಬ್ಬರೂ ಕಾಫಿ ಕುಡಿಯುತ್ತ, ಆಗಲಿ, ನೀನೇ ಇಟ್ಟುಕೋ ಎಂದಿದ್ದರು. ನಾರ್ವಲ್ ಮಾತ್ರ ಆ ಮಾತನ್ನು ಕಿಟಕಿಯ ಕಡೆ ನೋಡುತ್ತ ಹೇಳಿದ್ದ. ಸಹಿಗೆಂದು ಎಲ್ಲರ ಫೋನಿಗೂ ಕಾಗದ ಹೋದ ಮೇಲೆ, ಆ ನೋಟವನ್ನೇ ಕಾರ್ಸ್ಟನ್ ಹತ್ತು ದಿನದಿಂದ ಮೆಲುಕು ಹಾಕುತ್ತಿದ್ದ. ಬಾಯಲ್ಲಿ ಹೂಂ ಅಂದ, ಮನಸ್ಸಿನಲ್ಲಿ ಇಲ್ಲ. ನೇರವಾಗಿ ಕೇಳಬಹುದಿತ್ತಲ್ಲ ಎಂದರೆ, ಆ ಮನೆತನದವರು ಊಟಕ್ಕೆ ಕೂತಾಗ ಉಪ್ಪು ಬೇಕೆಂದು ಕೂಡ ಕೇಳಿದವರಲ್ಲ; ಉಪ್ಪು ಆ ಕಡೆ ಇದೆ ಅಂತ ಕಾಣುತ್ತೆ ಎಂದು ಹೇಳಿ ಕಾಯುತ್ತ ಕೂರುವವರು.

“ಕಳಿಸೋ ದಿನ ನಾನು ಕೇಳಿದ್ದೆ, ಯಾರ ಸಹಿ ಮೊದಲು ಅಂತ. ನೀನೇನಂದೆ?” ಎಂದಳು ಮಾರ್ಲಿಸ್.

“ಯಾರದಾದ್ರೂ ಆಗ್ಲಿ, ಅವಸರ ಇಲ್ಲ ಅಂದೆ.”

“ಅಲ್ಲೇ ಎಡವಟ್ಟಾಗಿದ್ದು. ನಮ್ಮ ಚರ್ಚ್ ಊಟದಲ್ಲಿ ತಟ್ಟೆಯ ಕೊನೇ ಕೇಕ್ ತುಂಡು ಯಾರು ತಗೋತಾರೆ ಹೇಳು? ಒಬ್ರು ಅರ್ಧ ಕತ್ತರಿಸ್ತಾರೆ, ಇನ್ನೊಬ್ರು ಅದರಲ್ಲರ್ಧ, ಕಡೆಗೆ ತಟ್ಟೇಲಿ ಪುಡಿ ಉಳಿಯುತ್ತೆ. ಇಂಥ ಜನಕ್ಕೆ ಎಲ್ಲಾರ್ಗೂ ಒಟ್ಟಿಗೆ ಕಳಿಸಿದ್ರೆ ಯಾರಪ್ಪಾ ಮೊದಲು ಕೈ ಹಾಕ್ತಾರೆ?”

ಈಗಲೂ ಕಾಲ ಮಿಂಚಿಲ್ಲ ಎಂದು ಅವಳು ವಿವರಿಸಿದಳು. ಒಪ್ಪಿಗೆ ಪತ್ರ, ಹಕ್ಕು ಬಿಡುವ ಪತ್ರ, ಹೊಣೆ ಹೊರುವ ಪತ್ರ ಮೂರನ್ನೂ ವಾಪಸ್ ಪಡೆದು, ಹೆಸರುಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು ಮತ್ತೆ ಕಳಿಸುತ್ತಾಳೆ. ಮೊದಲಿನವರು ಮೂರಕ್ಕೂ ಸಹಿ ಹಾಕುವ ತನಕ ಎರಡನೆಯವರಿಗೆ ಕಾಗದ ಹೋಗುವುದೇ ಇಲ್ಲ. ಹೋದಾಗ ಮಾತ್ರ, ಜೊತೆಗೆ ಬರುವ ಸಂದೇಶ ಈಗ ನಿಮ್ಮ ಸರದಿ ಎಂದು ಸ್ಪಷ್ಟವಾಗಿ ಹೇಳುತ್ತದೆ. “ಆರ್ಡಿಸ್ ಮೊದಲು ಹಾಕಲಾ? ದೊಡ್ಡವಳು, ಮೆತ್ತಗಿನವಳು.”

ಹೌದು ಎನ್ನಲು ಬಾಯಿ ತೆರೆದವನು ತಡೆದುಕೊಂಡ. ಆರ್ಡಿಸ್ ಕಣ್ಣುಮುಚ್ಚಿ ಹಾಕುತ್ತಾಳೆ. ಆಮೇಲೆ ನಾರ್ವಲ್ ಹಾಕದೆ ಹೋದರೆ? ತಮ್ಮನ ಮನೆ ತಪ್ಪಿಸಿದವನು ಎಂಬ ಹೆಸರು ಅವನ ತಲೆಗೆ ಅಂಟಿಕೊಳ್ಳುತ್ತದೆ. ಕ್ರಿಸ್‌ಮಸ್ ಊಟಕ್ಕೆ ಅಕ್ಕ ಒಂದು ಕಡೆ, ಅಣ್ಣ ಒಂದು ಕಡೆ.

“ನಾರ್ವಲ್ ಮೊದಲು,” ಎಂದ. “ಅವನಿಗೆ ಇಷ್ಟ ಇಲ್ದಿದ್ರೆ ಅದು ಆರ್ಡಿಸ್‌ಗೆ ಗೊತ್ತಾಗೋದೇ ಬೇಡ. ಮನೆ ಹೋದ್ರೆ ಹೋಗ್ಲಿ.”

“ಯೋಚಿಸಿ ಹೇಳ್ತಿದ್ದೀಯಾ?”

“ಕಳ್ಸು ಮಾರ್ಲಿಸ್, ಮನಸ್ಸು ಬದಲಾಗೋ ಮುಂಚೆ.”

ಫೋನಿಟ್ಟು ಹೊರಗೆ ಹೋಗಿ ಸೌದೆ ಒಡೆಯಲು ನಿಂತ. ಮಾರಿಹೋಗುವ ಮನೆಗೆ ಸೌದೆ ಯಾಕೆ ಎಂದು ತನ್ನನ್ನೇ ಬೈದುಕೊಂಡ, ಆದರೂ ಒಡೆದ. ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಜೇಬಿನಲ್ಲಿ ಫೋನು ಗುನುಗಿತು. ನಾರ್ವಲ್ ಸಹಿ ಹಾಕಿದ್ದ, ಮೂರಕ್ಕೂ. ಅದನ್ನು ಎರಡನೇ ಸಲ ಓದುತ್ತಿರುವಾಗಲೇ ಆರ್ಡಿಸ್‌ಳದ್ದೂ ಬಂತು. ಆಮೇಲೆ ಅವನ ಸರದಿ. ಕೈಗವಸು ಹಲ್ಲಿನಲ್ಲಿ ಕಚ್ಚಿ ಎಳೆದು, ಅಲ್ಲೇ ನಿಂತು ಫೋನಿನ ಪರದೆಯ ಮೇಲೆ ಬೆರಳಿನಿಂದಲೇ ಹೆಸರು ಗೀಚಿದ. ಅಪ್ಪಾ, ಬದುಕಿದೆ ಎಂದು ಗಟ್ಟಿಯಾಗಿಯೇ ಅಂದು ಸೌದೆಯ ರಾಶಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ನಾರ್ವಲ್‌ನ ಫೋನು. ಮೊದಲು ಹವೆಯ ಬಗ್ಗೆ ಹೇಳಿದ, ಆಮೇಲೆ ತನ್ನ ಟ್ರಕ್ಕಿನ ಬ್ಯಾಟರಿಯ ಬಗ್ಗೆ.

“ನಾನೇ ಮೊದಲು ಹಾಕಿದ್ರೆ, ಅಮ್ಮನ ಮನೆಯಿಂದ ಕೈ ತೊಳ್ಕೊಳ್ಳೋಕೇ ಕಾಯ್ತಿದ್ದ ಅಂದ್ಕೊಳ್ತೀರಿ ಅಂತಿದ್ದೆ,” ಎಂದ ಕೊನೆಗೆ. “ಆರ್ಡಿಸ್ ಹಾಕ್ಲಿ ಅಂತ ದಿನಾ ತೆಗೆದು ನೋಡೋದು, ಮುಚ್ಚೋದು.”

“ಅವಳು ನಿನ್ನ ಕಾಯ್ತಿದ್ಲೇನೋ.”

“ಅವಳು ಹಾಗೇ.” ಅಣ್ಣ ಮಾತು ಬದಲಿಸಿದ. “ದೋಣಿ ಕಟ್ಟೋ ಅಟ್ಟಣಿಗೆ ಇನ್ನೂ ಸರೋವರದಿಂದ ಎತ್ತಿಲ್ಲ ತಾನೆ? ಮಂಜುಗಡ್ಡೆ ಕಟ್ಟೋಕೆ ಮುಂಚೆ ಎತ್ಬೇಕು. ಒಬ್ಬನೇ ಸೊಂಟ ಮುರ್ಕೋಬೇಡ. ಶನಿವಾರ ಬರ್ತೀನಿ.”

ಬಾ ಎಂದ ಕಾರ್ಸ್ಟನ್. ಇಷ್ಟು ವರ್ಷ ಅದನ್ನು ಒಬ್ಬನೇ ಎತ್ತಿದ್ದ, ಬಾ ಎಂದು ಯಾರನ್ನೂ ಕರೆದಿರಲಿಲ್ಲ.

ಕೊಟ್ಟಿಗೆಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ನಾರ್ವಲ್‌ನ ಹಳೆಯ, ನೀರಿಗಿಳಿಯುವ ತೊಡೆಮಟ್ಟದ ರಬ್ಬರ್ ಬೂಟುಗಳನ್ನು ಎಳೆದು ತೆಗೆದ. ಬುಡಮೇಲು ಮಾಡಿ ಕೊಡವಿದಾಗ ಇಲಿ ಕೂಡಿಟ್ಟಿದ್ದ ಓಕ್ ಕಾಯಿಗಳು ಉದುರಿದವು. ಬೂಟುಗಳನ್ನು ತೊಳೆದು, ಬಾಗಿಲ ಹತ್ತಿರ ತನ್ನವುಗಳ ಪಕ್ಕದಲ್ಲಿ ಒಣಗಲು ಇಟ್ಟ.